ನರ್ಸಮ್ಮ ಮತ್ತೆ ಒಂದನೇ ವರ್ಷಕ್ಕೆ

ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಲಸಿಕೆ, ಬಸುರಿ, ಬಾಣಂತಿ ಅಂದರೆ ಮೊದಲು ನೆನಪಾಗುವವರು ನರ್ಸಮ್ಮ. ಸರ್ಕಾರಿ ರಿಜಿಸ್ಟರಿನಲ್ಲಿ ಮಾತ್ರ ಅವರು ‘ಸಹಾಯಕ’ ನರ್ಸ್. ಪೂರ್ಣ ನರ್ಸ್ ಆಗಲು ದಾರಿಯಿದೆ, ವಯಸ್ಸಿನ ಅಡ್ಡಿಯೂ ಇಲ್ಲ. ಆದರೆ ಇಪ್ಪತ್ತು ವರ್ಷದ ಅನುಭವಕ್ಕೆ ಅಲ್ಲಿ ಸಿಗುವ ರಿಯಾಯಿತಿ ಸೊನ್ನೆ!

ಗುರುವಾರ, ಬೆಳಗಿನ ಹತ್ತು ಗಂಟೆ. ಸೊರಬ ತಾಲ್ಲೂಕಿನ ಒಳಗಿನ ಊರೊಂದರ ಅಂಗನವಾಡಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಅಳುವ ಕೂಸುಗಳ ಮೇಳ. ಮೇಜಿನ ಮೇಲೊಂದು ಲಸಿಕೆಯ ಡಬ್ಬಿ. ಅದರೊಳಗೆ ನಾಲ್ಕು ಐಸ್‌ಪ್ಯಾಕ್, ಅವುಗಳ ನಡುವೆ ಜಿಪ್ ಚೀಲದಲ್ಲಿ ಬೆರಳುದ್ದದ ಬಾಟಲಿಗಳು.

ನರ್ಸಮ್ಮ ಒಂದು ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಲೇಬಲ್ಲಿನ ಮೇಲೆ ಸಣ್ಣದೊಂದು ವೃತ್ತ, ಅದರೊಳಗೊಂದು ಚೌಕ. ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತೆಳುವಾಗಿದ್ದರೆ ಲಸಿಕೆ ಕೆಟ್ಟಿಲ್ಲ ಎಂದರ್ಥ. ದಡಾರದ ಲಸಿಕೆಗೆ ದ್ರಾವಕ ಬೆರೆಸಿ ಬಾಟಲಿಯ ಮೇಲೆ ಪೆನ್ನಿನಿಂದ ಗಂಟೆ ಬರೆಯುತ್ತಾರೆ. ನಾಲ್ಕು ತಾಸು ಮೀರಿದರೆ ಉಳಿದದ್ದು ಎಸೆಯಬೇಕು.

“ಜ್ವರ ಬರುತ್ತಾ ಸಿಸ್ಟರ್?” ಚೊಚ್ಚಲ ತಾಯಿಯ ಆತಂಕ.

“ಬಂದ್ರೆ ಬರ್ಲಿ ಬಿಡಮ್ಮ, ಔಷಧಿ ಕೊಟ್ಟಿರ್ತೀನಿ. ಚುಚ್ಚಿದ ಜಾಗಕ್ಕೆ ಎಣ್ಣೆ ಗಿಣ್ಣೆ ಹಚ್ಚಬೇಡ. ಅರ್ಧ ಗಂಟೆ ಇಲ್ಲೇ ಕೂತಿರು.”

ಹೇಳುತ್ತಿದ್ದಂತೆಯೇ ಆರು ವಾರದ ಕೂಸಿನ ಎಡತೊಡೆಗೆ ಸೂಜಿ ಇಳಿದು ಹೊರಬಂದೂ ಆಯಿತು. ಕೂಸಿಗೆ ಅಳಲು ನೆನಪಾಗುವ ಹೊತ್ತಿಗೆ ಸಿರಿಂಜಿನ ತುದಿ ಕಟರಿನೊಳಗೆ ತುಂಡಾಗಿದೆ. ಇಂಥ ಕೈಚಳಕ ಯಾವ ಕಾಲೇಜಿನಲ್ಲೂ ಮೂರು ವರ್ಷಕ್ಕೆ ಬರುವಂಥದ್ದಲ್ಲ.

ಇದೇ ನರ್ಸಮ್ಮನಿಗೆ ‘ನರ್ಸ್’ ಆಗಬೇಕು ಅನ್ನಿಸಿತು ಎಂದಿಟ್ಟುಕೊಳ್ಳಿ. ಆಗ ಅವರು ಹೋಗಿ ಕೂರಬೇಕಾದ್ದು ಒಂದನೇ ವರ್ಷದ ತರಗತಿಯಲ್ಲಿ, ಆಗತಾನೆ ಪಿಯುಸಿ ಮುಗಿಸಿದ ಹದಿನೇಳರ ಹುಡುಗಿಯರ ಪಕ್ಕದಲ್ಲಿ. ಇಂಜೆಕ್ಷನ್ ಕೊಡುವುದು ಹೇಗೆ ಎಂಬ ಪಾಠದಿಂದಲೇ ಶುರು.

ಊರಿಗೆ ನರ್ಸ್, ಕಾಗದದಲ್ಲಿ ಸಹಾಯಕಿ

ಊರಿನ ಮಟ್ಟಿಗೆ ಬಿಳಿ ಕೋಟು ತೊಟ್ಟವರೆಲ್ಲ ಸಿಸ್ಟರೇ. ಆದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ದಾಖಲೆಯಲ್ಲಿ ಎರಡು ಬೇರೆ ಬೇರೆ ಜಾತಿಗಳಿವೆ. ಎರಡು ವರ್ಷದ ಎಎನ್‌ಎಂ ಓದಿದವರು ‘ನೋಂದಾಯಿತ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ’. ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದವರು ‘ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ’. ‘ಸಹಾಯಕ’ ಎಂಬ ಒಂದು ವಿಶೇಷಣದ ಆಚೆ ಈಚೆ ಸಂಬಳ, ಬಡ್ತಿ, ಮರ್ಯಾದೆ, ವಿದೇಶದ ವೀಸಾ ಎಲ್ಲ ಹಂಚಿಹೋಗಿವೆ.

ಹುದ್ದೆಯ ಹೆಸರನ್ನೇನೋ ಸರ್ಕಾರ ಆಗಾಗ ಬದಲಿಸಿದೆ. ಒಂದು ಕಾಲಕ್ಕೆ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಆಗಿದ್ದವರು ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ’. ಬೋರ್ಡಿನಲ್ಲಿ ಅಧಿಕಾರಿ ಎಂದಾಯಿತು. ಲಸಿಕೆ ಡಬ್ಬಿ ಹೊತ್ತು ತೋಟದ ದಾರಿಯಲ್ಲಿ ನಡೆಯುವುದು ತಪ್ಪಲಿಲ್ಲ.

ಈ ಕೋರ್ಸಿನ ಚರಿತ್ರೆಯೇ ಒಂದು ಜಗ್ಗಾಟ. ದೇಶದ ಮೊದಲ ಎಎನ್‌ಎಂ ತರಬೇತಿ ಆರಂಭವಾದದ್ದು 1951ರಲ್ಲಿ, ಪಂಜಾಬಿನ ತರನ್‌ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ. ಪೂರ್ಣ ನರ್ಸುಗಳು ಹಳ್ಳಿಗೆ ಸಾಲುವಷ್ಟು ಸಿಗುವವರೆಗೆ ಎರಡು ವರ್ಷ ಓದಿದವರಾದರೂ ಇರಲಿ ಎಂಬುದು ಆಗಿನ ಲೆಕ್ಕಾಚಾರ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಎಎನ್‌ಎಂ ಅನ್ನು ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಲು ಹೇಳಿತು. ಹೆರಿಗೆಯ ಜೊತೆಗೆ ಮಲೇರಿಯಾ, ಕುಟುಂಬ ಯೋಜನೆ, ಲಸಿಕೆ ಎಲ್ಲವೂ ಹೆಗಲೇರಿದವು. ಕೆಲಸ ಹೆಚ್ಚಾಯಿತಲ್ಲ, ಓದೂ ಹೆಚ್ಚಬೇಕಲ್ಲವೆ? ತರಬೇತಿಯನ್ನು ಒಂದೂವರೆ ವರ್ಷಕ್ಕೆ ಇಳಿಸಿದರು! ಮತ್ತೆ ಎರಡು ವರ್ಷಕ್ಕೆ ಬರಲು ದಶಕಗಳೇ ಹಿಡಿದವು.

ಬಯಲಿನಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಆ ಉಪಕೇಂದ್ರದ ಜೀವವೇ ಎಎನ್‌ಎಂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆ 97ರ ಹಿಂದೆ ‘ನೋವು ಬರೋ ತನಕ ಕಾಯಬೇಡ’ ಎಂದು ಮನೆಮನೆಗೆ ಹೋಗಿ ಗದರಿದವರು, ರಾತ್ರಿ ಹೊತ್ತು ಆಂಬುಲೆನ್ಸಿಗೆ ಫೋನು ಹಚ್ಚಿದವರು ಇದ್ದಾರೆ. ಕೋವಿಡ್ ಕಾಲದಲ್ಲಿ, 2021ರ ಸೆಪ್ಟೆಂಬರ್ 17ರಂದು ಒಂದೇ ದಿನ ದೇಶದಲ್ಲಿ ಎರಡೂವರೆ ಕೋಟಿ ಡೋಸ್ ಹಾಕಿದ ಕೈಗಳಲ್ಲೂ ಬಹುಪಾಲು ಇವೇ ಕೈಗಳು.

ಮಂಗ ಸತ್ತರೆ ಮೊದಲ ಫೋನು

ಸೊರಬ, ಶಿಕಾರಿಪುರ ತಾಲ್ಲೂಕುಗಳಿಗೆ ಆರೋಗ್ಯದ ವಿಷಯದಲ್ಲಿ ತಮ್ಮದೇ ಚರಿತ್ರೆ ಇದೆ. ಶಿಕಾರಿಪುರದ ಪಕ್ಕದ ಬಳ್ಳಿಗಾವಿಯಲ್ಲಿ ಕೋಡಿಯ ಮಠವಿತ್ತು. 1162ರ ಶಾಸನ ಅದನ್ನು ವೇದ, ವ್ಯಾಕರಣಗಳ ಪಾಠಶಾಲೆ ಎನ್ನುವುದರ ಜೊತೆಗೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ತಾಣ ಎಂದೂ ಬಣ್ಣಿಸುತ್ತದೆ. ಅಲ್ಲಿ ರೋಗಿಗಳ ಆರೈಕೆಗೆ ನಿಂತವರು ಯಾರು, ಹೆಣ್ಣೋ ಗಂಡೋ, ಶಾಸನಕ್ಕೆ ಅದು ಬೇಕಿರಲಿಲ್ಲ. ಆರೈಕೆ ಮಾಡುವವರ ಹೆಸರು ದಾಖಲಾಗದಿರುವುದು ಹಳೆಯ ಚಾಳಿಯೇ.

ಸೊರಬದ ಹೆಸರು ವಿಶ್ವದ ವೈದ್ಯ ಗ್ರಂಥಗಳಿಗೆ ಹೋದದ್ದು ಬೇರೆ ಕಾರಣಕ್ಕೆ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಮನುಷ್ಯರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಪತ್ತೆಹಚ್ಚಿದರು. ಲೋಕಕ್ಕೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ.

ಅಡಿಕೆ ಕೊಯ್ಲು ಮುಗಿದು ದರಕು ತರಲು ಜನ ಕಾಡಿಗೆ ಹೋಗುವ ತಿಂಗಳುಗಳೇ ಈ ಕಾಯಿಲೆಯ ಕಾಲ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ಆಶಾ ಕಾರ್ಯಕರ್ತೆಗೆ, ಅವರಿಂದ ನರ್ಸಮ್ಮನಿಗೆ ಫೋನು. ಮನೆಮನೆಗೆ ಹೋಗಿ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಡಬೇಕು, ಜ್ವರ ಬಂದವರ ಪಟ್ಟಿ ಮಾಡಬೇಕು, ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುವಂತೆ ನೋಡಬೇಕು. ಲಸಿಕೆ ಇದ್ದ ಕಾಲದಲ್ಲಿ ಅದನ್ನು ಹಾಕಿಸುವುದೇ ದೊಡ್ಡ ಸಾಹಸ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ. ಮೊದಲ ಸಲದ ನೋವು ನೆನಪಿದ್ದವರು ಎರಡನೇ ಸಲ ನರ್ಸಮ್ಮನನ್ನು ಕಂಡರೆ ತೋಟದ ಹಿಂಬಾಗಿಲು ಹಿಡಿಯುತ್ತಿದ್ದರು. 2022ರಲ್ಲಿ ಆ ಲಸಿಕೆಯೂ ನಿಂತಿತು. ಈಗ ಉಳಿದಿರುವ ಅಸ್ತ್ರ ಎಣ್ಣೆ ಮತ್ತು ಎಚ್ಚರಿಕೆ.

ಇಷ್ಟೆಲ್ಲ ಮಾಡಿದವರ ಅನುಭವ ಯಾವ ಅಂಕಪಟ್ಟಿಗೂ ಸೇರುವುದಿಲ್ಲ ಎಂಬುದೇ ಈ ಲೇಖನದ ತಕರಾರು.

━━ ಬಾಕ್ಸ್: ಎರಡು, ಮೂರು, ಎರಡು ━━
ಎಎನ್‌ಎಂ: 2 ವರ್ಷ. ಈಗ ಸೇರಲು ಪಿಯುಸಿ ಬೇಕು, ಮೊದಲು ಎಸ್ಸೆಸ್ಸೆಲ್ಸಿ ಸಾಕಿತ್ತು.
ಜಿಎನ್‌ಎಂ: 3 ವರ್ಷ. ಯಾವ ವಿಭಾಗದ ಪಿಯುಸಿಯಾದರೂ ಸರಿ, ವಿಜ್ಞಾನಕ್ಕೆ ಆದ್ಯತೆ. ಒಟ್ಟಾರೆಯಾಗಿಯೂ ಇಂಗ್ಲಿಷಿನಲ್ಲಿಯೂ ಶೇ 40 ಅಂಕ. ನೋಂದಾಯಿತ ಎಎನ್‌ಎಂಗಳಿಗೂ ಪ್ರವೇಶವಿದೆ. ಉಳಿದವರಿಗೆ 35 ವರ್ಷದ ಮಿತಿ, ಎಎನ್‌ಎಂಗಳಿಗೆ ವಯೋಮಿತಿಯೇ ಇಲ್ಲ.
ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್: 2 ವರ್ಷ. ಜಿಎನ್‌ಎಂ ಮುಗಿಸಿ ನೋಂದಣಿಯಾದವರಿಗೆ.
ನೇರ ದಾರಿ: ಭೌತ, ರಸಾಯನ, ಜೀವ ವಿಜ್ಞಾನ ಓದಿದ ಪಿಯುಸಿಯವರಿಗೆ 4 ವರ್ಷದ ಬಿ.ಎಸ್ಸಿ. ನರ್ಸಿಂಗ್.
ಅದೇ ಪದವಿಗೆ ಒಬ್ಬರಿಗೆ 4 ವರ್ಷ, ಇನ್ನೊಬ್ಬರಿಗೆ 7.
━━━━━━━━━━

ಬಾಗಿಲು ತೆರೆದಿದೆ, ಆದರೆ…

ವಯಸ್ಸಿನ ಮಿತಿ ಇಲ್ಲದಿರುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಒಳ್ಳೆಯ ನಡೆ. ನಲವತ್ತೈದರ ನರ್ಸಮ್ಮನೂ ಜಿಎನ್‌ಎಂ ಅರ್ಜಿ ಹಾಕಬಹುದು. ತೊಂದರೆ ಇರುವುದು ಒಳಗೆ ಕಾಲಿಟ್ಟ ಮೇಲೆ.

ಮೊದಲ ವರ್ಷದ ಪಠ್ಯ ನೋಡಿ: ಅಂಗರಚನೆ, ಸೂಕ್ಷ್ಮಜೀವಿ ವಿಜ್ಞಾನ, ಮನಶ್ಶಾಸ್ತ್ರ, ಶುಶ್ರೂಷೆಯ ಮೂಲಪಾಠ, ಪ್ರಥಮ ಚಿಕಿತ್ಸೆ, ಪೌಷ್ಟಿಕಾಂಶ, ಸಮುದಾಯ ಆರೋಗ್ಯ. ಅಂಗರಚನೆಯನ್ನು ಇನ್ನಷ್ಟು ಆಳವಾಗಿ ಓದಬೇಕಾದ್ದು ನ್ಯಾಯವೇ. ಆದರೆ ಬಿಪಿ ನೋಡುವುದು, ಗಾಯ ಕಟ್ಟುವುದು, ತಾಯಂದಿರಿಗೆ ತಿಳಿವಳಿಕೆ ಹೇಳುವುದು? ಸಮುದಾಯ ಆರೋಗ್ಯದ ಪಾಠವನ್ನು, ಸಮುದಾಯವನ್ನೇ ಇಪ್ಪತ್ತು ವರ್ಷ ಅರೆದು ಕುಡಿದವರಿಗೆ? ಇನ್ನು ಪ್ರಸೂತಿ ಶುಶ್ರೂಷೆ ಬರುವುದು ಮೂರನೇ ವರ್ಷಕ್ಕೆ. ಹೆರಿಗೆ ಮಾಡಿಸಿ ಮಾಡಿಸಿ ಕೈ ಪಳಗಿದವರು ಆ ಪಾಠಕ್ಕಾಗಿ ಎರಡು ವರ್ಷ ಕಾಯಬೇಕು.

ಎದುರು ವಾದವೂ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಎನ್‌ಎಂ ಓದು ಸಮುದಾಯಕ್ಕೆ ಹೊಲಿದ ಅಂಗಿ. ತುರ್ತು ನಿಗಾ ಘಟಕ, ಶಸ್ತ್ರಚಿಕಿತ್ಸೆಯ ನಂತರದ ವಾರ್ಡು, ಮಾನಸಿಕ ರೋಗಿಗಳ ಆರೈಕೆ, ಹೃದ್ರೋಗಿಯ ಔಷಧದ ಪ್ರಮಾಣ, ಇವು ಉಪಕೇಂದ್ರದಲ್ಲಿ ಕಲಿಯುವ ಸಂಗತಿಗಳಲ್ಲ. ಹಾಗಾಗಿ ಎಲ್ಲವನ್ನೂ ಮಾಫಿ ಮಾಡಿ ಎಂದು ಯಾರೂ ಕೇಳುವುದಿಲ್ಲ. ಗೊತ್ತಿರುವುದನ್ನು ಪರೀಕ್ಷೆ ಮಾಡಿ ಬಿಟ್ಟುಬಿಡಿ, ಗೊತ್ತಿಲ್ಲದ್ದನ್ನು ಚೆನ್ನಾಗಿ ಕಲಿಸಿ ಅಂದರೆ ತಪ್ಪೇನು?

ಇನ್ನೊಂದು ಗಂಟು ಊರಿನದು. ಸೊರಬದಿಂದ ಶಿವಮೊಗ್ಗಕ್ಕೆ ಸಾಗರದ ಮೇಲೆ ಹೋದರೂ ಶಿಕಾರಿಪುರದ ಮೇಲೆ ಹೋದರೂ ಬಸ್ಸಿನಲ್ಲಿ ಎರಡು ತಾಸಿಗೆ ಕಡಿಮೆಯಿಲ್ಲ. ಮೂರು ವರ್ಷ ಹಾಸ್ಟೆಲ್ಲಿನಲ್ಲಿರಬೇಕು, ಇಲ್ಲವೇ ಮನೆ ಮಾಡಬೇಕು. ಮಗ ಹತ್ತನೇ ಕ್ಲಾಸು, ಅತ್ತೆಗೆ ಮಂಡಿನೋವು, ಗಂಡನಿಗೆ ಗದ್ದೆ ಕೆಲಸ. ಗುತ್ತಿಗೆಯಲ್ಲಿರುವವರಾದರೆ ಓದಲು ಹೊರಟ ದಿನ ಕೆಲಸವೂ ಹೋಯಿತು. ‘ನಿಮಗೆ ಈ ವಯಸ್ಸಲ್ಲಿ ಬೇಕಾ ಇದೆಲ್ಲ?’ ಎನ್ನುವ ನೆಂಟರು ಬೇರೆ.

ಮತ್ತೆ ಇಂಗ್ಲಿಷು. ಜಿಎನ್‌ಎಂ ಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಬಾಣಂತಿಯ ರಕ್ತಸ್ರಾವ ಕಂಡ ತಕ್ಷಣ ಕೈ ಏನು ಮಾಡಬೇಕೋ ಅದನ್ನು ಮಾಡುತ್ತದೆ. ಅದನ್ನೇ ಹತ್ತು ಅಂಕದ ಉತ್ತರವಾಗಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ.

ಪಕ್ಕದ ಕುರ್ಚಿಗೆ ಬಂದ ಹೊಸಬರು

2018ರಿಂದ ಈ ಅಸಮಾಧಾನಕ್ಕೆ ಹೊಸ ಆಯಾಮ ಬಂದಿದೆ. ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ (ಈಗಿನ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ) ಮೇಲ್ದರ್ಜೆಗೆ ಏರಿಸಿದಾಗ ಅಲ್ಲಿಗೆ ‘ಸಮುದಾಯ ಆರೋಗ್ಯ ಅಧಿಕಾರಿ’ ಎಂಬ ಹುದ್ದೆ ಬಂತು. ನರ್ಸಿಂಗ್ ಹಿನ್ನೆಲೆಯವರಲ್ಲಿ ಅದಕ್ಕೆ ಅರ್ಹರು ಬಿ.ಎಸ್ಸಿ. ಅಥವಾ ಜಿಎನ್‌ಎಂ ಮುಗಿಸಿದವರು. ಅವರಿಗೆ ಆರು ತಿಂಗಳ ಸಮುದಾಯ ಆರೋಗ್ಯದ ತರಬೇತಿ ಕೊಡಲಾಯಿತು.

ಗಮನಿಸಿದಿರಾ? ಪದವಿ ಇದ್ದವರಿಗೆ ಹಳ್ಳಿಯನ್ನು ಕಲಿಸಲು ಆರು ತಿಂಗಳ ಸೇತುವೆ ಸಾಕಾಯಿತು. ಹಳ್ಳಿ ಗೊತ್ತಿದ್ದವರಿಗೆ ಪದವಿ ಕಲಿಸಲು ಅಂಥದ್ದೊಂದು ಸೇತುವೆ ಯಾರಿಗೂ ಹೊಳೆಯಲಿಲ್ಲ.

ಫಲವಾಗಿ ಉಪಕೇಂದ್ರದ ಮುಖ್ಯಸ್ಥರ ಕುರ್ಚಿಯಲ್ಲಿ ಇಪ್ಪತ್ತನಾಲ್ಕರ ಹುಡುಗ ಅಥವಾ ಹುಡುಗಿ, ಪಕ್ಕದಲ್ಲಿ ಅವರ ತಾಯಿಯ ವಯಸ್ಸಿನ ನರ್ಸಮ್ಮ. ಬಹಳ ಕಡೆ ಇಬ್ಬರೂ ಹೊಂದಿಕೊಂಡಿದ್ದಾರೆ. ‘ಮೇಡಂ’ ಎಂದು ಅಧಿಕಾರಿಯೇ ನರ್ಸಮ್ಮನನ್ನು ಕರೆಯುವುದುಂಟು. ಸಕ್ಕರೆ ಕಾಯಿಲೆ, ಬಿಪಿಯ ಲೆಕ್ಕವನ್ನು ಹೊಸಬರು ಟ್ಯಾಬಿನಲ್ಲಿ ತುಂಬುತ್ತಾರೆ. ಯಾವ ಮನೆಯಲ್ಲಿ ಯಾರು ಮಾತ್ರೆ ನುಂಗದೆ ಹಿತ್ತಲಿಗೆ ಎಸೆಯುತ್ತಾರೆ ಎಂದು ಹೇಳುವುದು ನರ್ಸಮ್ಮನೇ.

ಎಎನ್‌ಎಂಗಳಿಗೆ ಬಡ್ತಿಯೇ ಇಲ್ಲವೆಂದಲ್ಲ. ಸೇವಾವಧಿ ಮತ್ತು ಆರು ತಿಂಗಳ ತರಬೇತಿಯ ಮೇಲೆ ಹಿರಿಯ ಮೇಲ್ವಿಚಾರಕಿ ಆಗುತ್ತಾರೆ. ಆದರೆ ಆ ದಾರಿ ಮೇಲ್ವಿಚಾರಣೆಯ ಕಡೆಗೆ ಹೋಗುತ್ತದೆ. ಶುಶ್ರೂಷಾಧಿಕಾರಿ ಹುದ್ದೆಯ ಕಡೆಗೆ ತಿರುಗುವುದಿಲ್ಲ.

━━ ಬಾಕ್ಸ್: ಸೂಲಗಿತ್ತಿಗೆ ಡಾಕ್ಟರೇಟ್ ━━
ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. ಓದು ಬರಹವಿಲ್ಲದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅನುಭವವನ್ನು ವಿದ್ಯೆ ಎಂದು ಒಪ್ಪುವುದು ವಿಶ್ವವಿದ್ಯಾಲಯಗಳಿಗೆ ಅಸಾಧ್ಯವೇನಲ್ಲ ಎಂದಾಯಿತು!
━━━━━━━━━━

ಹೊರಗಿನವರು ಏನು ಮಾಡಿದರು?

ಅಮೆರಿಕದಲ್ಲಿ ನಮ್ಮ ಎಎನ್‌ಎಂಗೆ ಸಮೀಪದವರು ‘ಪ್ರಾಕ್ಟಿಕಲ್ ನರ್ಸ್’ಗಳು, ಸುಮಾರು ಒಂದು ವರ್ಷ ಓದಿ ಲೈಸೆನ್ಸ್ ಪಡೆದವರು. ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ಅವರಿಗೆಂದೇ ಸೇತು ಕೋರ್ಸುಗಳಿವೆ. ಹಳೆಯ ಓದಿಗೆ ಅಂಕ ಕೊಟ್ಟು ಮೊದಲ ಹಂತದ ಪಾಠಗಳನ್ನು ಬಿಟ್ಟುಕೊಡುತ್ತಾರೆ. ಕೊನೆಗೆ ಪೂರ್ಣ ನರ್ಸುಗಳ ಪರೀಕ್ಷೆ ಎಲ್ಲರಿಗೂ ಒಂದೇ. ಅಲ್ಲಿ ರಿಯಾಯಿತಿ ಇಲ್ಲ.

ಇಂಗ್ಲೆಂಡಿನ ಕಥೆ ಇನ್ನೂ ಸ್ವಾರಸ್ಯ. 1943ರ ಕಾಯ್ದೆಯಿಂದ ಅಲ್ಲಿ ಎರಡನೇ ದರ್ಜೆಯ ನರ್ಸುಗಳ ಪಟ್ಟಿ ಶುರುವಾಯಿತು. ಕೆಲವು ದಶಕಗಳ ನಂತರ ಎರಡು ದರ್ಜೆ ಬೇಡವೆಂದು ಅದನ್ನು ಮುಚ್ಚಿದರು, ಇದ್ದವರಿಗೆ ಪರಿವರ್ತನಾ ಕೋರ್ಸು ನಡೆಸಿದರು. ಆಮೇಲೆ ವಾರ್ಡುಗಳಲ್ಲಿ ಕೈ ಸಾಲದೆ ‘ನರ್ಸಿಂಗ್ ಅಸೋಸಿಯೇಟ್’ ಎಂಬ ಹೊಸ ದರ್ಜೆಯನ್ನು ಹುಟ್ಟಿಸಿ 2019ರಲ್ಲಿ ರಿಜಿಸ್ಟರಿಗೆ ಸೇರಿಸಿದರು. ಈ ಸಲ ಮಾತ್ರ ಮೇಲೇರುವ ದಾರಿಯನ್ನು ಮೊದಲೇ ಹಾಕಿಟ್ಟುಕೊಂಡರು: ಹಿಂದಿನ ಕಲಿಕೆಯನ್ನು ಪದವಿಯ ಅರ್ಧದಷ್ಟರವರೆಗೆ ಲೆಕ್ಕಕ್ಕೆ ಹಿಡಿಯಬಹುದು. ಕೆಲಸ ಬಿಡದೆ ಓದುವ ಅವಕಾಶವೂ ಉಂಟು.

ನಮ್ಮಲ್ಲೂ ಕಾನೂನು ಹೊರಳುವ ಹೊತ್ತಿದು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆ ತಂದಿದೆ. ಅದರಲ್ಲೂ ವೃತ್ತಿಪರರು, ಸಹವರ್ತಿಗಳು ಎಂಬ ಎರಡು ದರ್ಜೆಗಳಿವೆ. ದರ್ಜೆ ಎರಡಿರಲಿ. ಕೆಳಗಿನದರಿಂದ ಮೇಲಿನದಕ್ಕೆ ಹೋಗುವಾಗ ಹಳೆಯ ಓದನ್ನೂ ಸೇವೆಯನ್ನೂ ಎಷ್ಟು ಎಣಿಸುತ್ತೇವೆ ಎಂದು ನಿಯಮದಲ್ಲಿ ಬರೆಯಲಿ.

ತಾಲ್ಲೂಕಿನ ಹತ್ತಿರಕ್ಕೇ ಓದು ತರುವುದೂ ಅಸಾಧ್ಯವಲ್ಲ. ಜಿಎನ್‌ಎಂ ಶಾಲೆಗೆ 100 ಹಾಸಿಗೆಯ ಆಸ್ಪತ್ರೆ ಬೇಕೆನ್ನುತ್ತದೆ ಪರಿಷತ್ತು. ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗೆ ಸರ್ಕಾರ ಇಟ್ಟುಕೊಂಡಿರುವ ಮಾದರಿಯೂ 100 ಹಾಸಿಗೆಯೇ. ಸೇವೆಯಲ್ಲಿರುವ ಎಎನ್‌ಎಂಗಳ ಪ್ರಾಯೋಗಿಕ ತರಬೇತಿಯ ಬಹುಭಾಗ ಶಿಕಾರಿಪುರ, ಸೊರಬದ ಆಸ್ಪತ್ರೆಗಳಲ್ಲೇ ನಡೆದು, ನಿಗಾ ಘಟಕ ಮತ್ತು ದೊಡ್ಡ ಶಸ್ತ್ರಚಿಕಿತ್ಸೆಗಳ ಪಾಠಕ್ಕೆ ಮಾತ್ರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವಂತಾದರೆ ಅರ್ಧ ಗೋಜಲು ತಾನೇ ಬಿಡುತ್ತದೆ. ಇದು ಬರೆಯುವವನ ಹಂಬಲ, ಸರ್ಕಾರದ ಯೋಜನೆಯಲ್ಲ.

ಇದಕ್ಕಿಂತ ಮೊದಲು ಆಗಬೇಕಾದ್ದು ಇದ್ದ ದಾರಿ ಮುಚ್ಚದಂತೆ ನೋಡಿಕೊಳ್ಳುವುದು. ಎಲ್ಲರೂ ಪದವಿಯನ್ನೇ ಓದಲಿ, ಜಿಎನ್‌ಎಂ ನಿಲ್ಲಿಸೋಣ ಎಂಬ ತೀರ್ಮಾನ 2019ರಲ್ಲಿ ಪರಿಷತ್ತಿನಿಂದಲೇ ಬಂದಿತ್ತು, ಆಮೇಲೆ ಮುಂದಕ್ಕೆ ಹೋಯಿತು. ಹಾಗೇನಾದರೂ ಆದರೆ ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದ ಎಎನ್‌ಎಂಗೆ ಮೇಲೇರಲು ಏನೂ ಉಳಿಯುವುದಿಲ್ಲ, ಬಿ.ಎಸ್ಸಿ.ಗೆ ವಿಜ್ಞಾನ ಕಡ್ಡಾಯ ತಾನೇ!

ಅರ್ಜಿ ಹಾಕುವ ಮುನ್ನ

ಮೇ 12ರ ದಾದಿಯರ ದಿನ ಆಸ್ಪತ್ರೆಗಳಲ್ಲಿ ಮೇಣದಬತ್ತಿ ಹಚ್ಚಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಲ್ಲಿ ಪ್ರತಿಜ್ಞೆ ಮಾಡುತ್ತಾರೆ. ಅದರ ಬೆನ್ನಿಗೇ ಪ್ರವೇಶದ ಹಂಗಾಮು. ಬಸ್‌ನಿಲ್ದಾಣದ ಗೋಡೆಗಳಿಗೆ ‘ಒಂದೇ ವರ್ಷದಲ್ಲಿ ನರ್ಸಿಂಗ್’ ಎಂಬ ಪೋಸ್ಟರುಗಳೂ ಅಂಟುತ್ತವೆ. ಅಂಥ ಸರ್ಟಿಫಿಕೇಟು ಹಿಡಿದು ಪೇಟೆಯ ನರ್ಸಿಂಗ್ ಹೋಮುಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗಿಯರಿದ್ದಾರೆ. ಅವರದು ಎಎನ್‌ಎಂಗಿಂತ ಕಷ್ಟದ ಸ್ಥಿತಿ: ಯಾವ ಪರಿಷತ್ತಿನ ರಿಜಿಸ್ಟರಿನಲ್ಲೂ ಹೆಸರಿಲ್ಲ. ತರಗತಿಗೆ ಬರದಿದ್ದರೂ ನಡೆಯುತ್ತದೆ ಎನ್ನುವ ಏಜೆಂಟರ ಮಾತಿಗಂತೂ ಕಿವಿಗೊಡಬಾರದು. ಕಳೆಯುವುದು ದುಡ್ಡೊಂದೇ ಅಲ್ಲ, ನೋಂದಣಿಯೂ ಹೋಗುತ್ತದೆ.

ಸೇರುವ ಶಾಲೆಗೆ ಭಾರತೀಯ ಹಾಗೂ ರಾಜ್ಯ ಶುಶ್ರೂಷಾ ಪರಿಷತ್ತುಗಳ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ನೋಡಬೇಕು. ಎಎನ್‌ಎಂ ನೋಂದಣಿಯನ್ನು ನವೀಕರಿಸಿಟ್ಟುಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಮೇಲೆಯೇ ಎಎನ್‌ಎಂ ಮಾಡಿದ ಹಿರಿಯರು ಒಂದು ವಿಷಯ ಗಮನಿಸಲಿ: ಜಿಎನ್‌ಎಂ ಮುಗಿದ ಮೇಲೆ ಪೋಸ್ಟ್ ಬೇಸಿಕ್ ಪದವಿಗೆ ಹೋಗುವಾಗ ಪಿಯುಸಿ ಅಂಕಪಟ್ಟಿ ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹನ್ನೆರಡನೇ ತರಗತಿಯನ್ನು ಕೆಲಸದಲ್ಲಿದ್ದುಕೊಂಡೇ ಬರೆಯಬಹುದು, ಅದಕ್ಕೆ ಗರಿಷ್ಠ ವಯೋಮಿತಿಯಿಲ್ಲ. ವಿಷಯ ಆರಿಸುವಾಗ ಇಂಗ್ಲಿಷನ್ನು ಬಿಡಬಾರದು. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಈ ಮಳೆಗಾಲದಲ್ಲಿ ಪುಸ್ತಕ ತರಿಸಿಕೊಂಡು ಕೂತವರು ಮುಂದಿನ ಪ್ರವೇಶದ ಹೊತ್ತಿಗೆ ಅಂಕಪಟ್ಟಿ ಕೈಯಲ್ಲಿ ಹಿಡಿಯಬಹುದು.